ಉಣ್ಣೆಜ್ವರದ ಮಾತ್ರೆಯ ಹಿಂದಿರುವ ಸುಬ್ಬರಾವ್

ಹನೂರು, ಯಳಂದೂರು ಕಡೆಯ ಕಾಡಂಚಿನ ಊರುಗಳಲ್ಲಿ ನಾಯಿ ಎಂದರೆ ಕಾವಲುಗಾರ. ಹೊಲಕ್ಕೆ ಹಂದಿ ಇಳಿದರೂ, ಕೊಟ್ಟಿಗೆಯ ಹತ್ತಿರ ಚಿರತೆ ಸುಳಿದರೂ ಮೊದಲು ಬೊಗಳುವುದು ಅದೇ. ಅಂಥ ನಾಯಿ ಮುದ್ದೆ ಮುಟ್ಟದೆ, ಮೈ ಸುಡುತ್ತಾ ಮೂಲೆ ಹಿಡಿದರೆ ಪಶುವೈದ್ಯರು ಅದರ ಕಿವಿ ಮಡಿಸಿ ಉಣ್ಣೆ ಇದೆಯೇ ಎಂದು ನೋಡುತ್ತಾರೆ. ಉಣ್ಣೆ ಕಚ್ಚಿದಾಗ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ರಕ್ತ ಸೇರಿ, ಬಿಳಿ ರಕ್ತಕಣಗಳ ಒಳಗೇ ಅಡಗಿ ಕೂರುತ್ತದೆ. ಕೆಲವು ನಾಯಿಗಳಿಗೆ ಮೂಗಿನಿಂದ ರಕ್ತವೂ ಸುರಿಯುತ್ತದೆ. ಪೆನಿಸಿಲಿನ್ ಇದಕ್ಕೆ ನಾಟುವುದಿಲ್ಲ. ವೈದ್ಯರು ಬರೆಯುವುದು ಡಾಕ್ಸಿಸೈಕ್ಲಿನ್. ಈ ಮಾತ್ರೆಯ ವಂಶದ ಮೂಲಪುರುಷ ಆರಿಯೋಮೈಸಿನ್. ಅದು ಹುಟ್ಟಿದ ಪ್ರಯೋಗಾಲಯದ ಸಂಶೋಧನಾ ಮುಖ್ಯಸ್ಥರಾಗಿದ್ದವರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಈಗಿನ ಆಂಧ್ರದ ಭೀಮಾವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯ. ನಮ್ಮ ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿ ಅದೇ ಪ್ರಾಂತ್ಯದಲ್ಲಿತ್ತು. ಹಾಗಾಗಿ ಅವರು ನಮಗೆ ತೀರಾ ಹೊರಗಿನವರೇನಲ್ಲ.

ಓದಿನಲ್ಲಿ ಅವರದು ಮೊದಲ ಬೆಂಚಿನ ಕಥೆಯಲ್ಲ. ಹದಿಮೂರನೇ ವಯಸ್ಸಿನಲ್ಲಿ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡಬೇಕೆಂದು ಕಾಶಿಗೆ ಹೊರಟು ಮನೆ ಬಿಟ್ಟರು. ಮನೆಯವರು ಹಿಡಿದು ತಂದರು. ಮೆಟ್ರಿಕ್ಯುಲೇಶನ್‌ನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದರು. ಸನ್ಯಾಸಿಯಾಗಲು ರಾಮಕೃಷ್ಣ ಮಠಕ್ಕೆ ಹೋದರೆ, ವೈದ್ಯನಾಗಿ ಸೇವೆ ಮಾಡು ಎಂಬ ಸಲಹೆ ಸಿಕ್ಕಿತು. ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಸಹಿಸಲಿಲ್ಲ. ಕೊನೆಗೆ ಕೈಗೆ ಬಂದದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಸರ್ಕಾರಿ ವೈದ್ಯ ಹುದ್ದೆಯ ಬಾಗಿಲು ತೆರೆಯದೆ, ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಪಾಠ ಹೇಳಿದರು.

ಅಷ್ಟರಲ್ಲಿ ಮನೆಯಲ್ಲಿ ಸಾವು ಕಂಡಿದ್ದರು. ಸ್ಪ್ರೂ ಎಂಬ ಕರುಳಿನ ಕಾಯಿಲೆ ಇಬ್ಬರು ಅಣ್ಣತಮ್ಮಂದಿರನ್ನು ಕೆಲವೇ ದಿನಗಳ ಅಂತರದಲ್ಲಿ ಒಯ್ದಿತ್ತು. 1923ರಲ್ಲಿ, ಮಾವನ ಮನೆಯವರ ನೆರವಿನಿಂದ, ಹೆಂಡತಿಯನ್ನು ಊರಲ್ಲೇ ಬಿಟ್ಟು ಬಾಸ್ಟನ್‌ಗೆ ಹಡಗು ಹತ್ತಿದರು. ಮತ್ತೆ ಭಾರತಕ್ಕೆ ಬರಲೇ ಇಲ್ಲ. ಅವರ ಬದುಕನ್ನು ಹೊಗಳುವವರು ಈ ಸಾಲನ್ನು ಬೇಗ ದಾಟಿಬಿಡುತ್ತಾರೆ. ಊರಲ್ಲಿ ಕಾದು ಕೂತ ಶೇಷಗಿರಿ ಎಂಬ ಹೆಣ್ಣುಮಗಳ ಲೆಕ್ಕವೂ ಈ ಸಾಧನೆಯಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ.

ಅಲ್ಲಿ ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಕೆಲಸ. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದೂ ಅದರಲ್ಲಿ ಸೇರಿತ್ತು. ಹಗಲು ಹಾರ್ವರ್ಡ್. ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರದಲ್ಲಿನ ರಂಜಕ ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. ಬಯೋಕೆಮಿಸ್ಟ್ರಿ ಓದಿದವರು ಫಿಸ್ಕ್–ಸುಬ್ಬರಾವ್ ವಿಧಾನ ಎಂದು ಇವತ್ತಿಗೂ ಲ್ಯಾಬಿನಲ್ಲಿ ಮಾಡುತ್ತಾರೆ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯನ್ನು ಬೇರ್ಪಡಿಸಿದ್ದೂ ಇದೇ ಜೋಡಿ. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯಕ್ಕೆ ಹೋದರು.

ಮುಂದಿನ ಎಂಟೇ ವರ್ಷದಲ್ಲಿ ಅವರ ತಂಡ ಮಾಡಿದ ಕೆಲಸ ನೋಡಿ. ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದರು. ಸೋದರರನ್ನು ಕೊಂದ ಸ್ಪ್ರೂಗೆ ಅದು ಮದ್ದಾಯಿತು. ಅದರದೇ ರೂಪವನ್ನು ಬದಲಿಸಿ ಮಕ್ಕಳ ರಕ್ತ ಕ್ಯಾನ್ಸರಿಗೆ ಔಷಧ ಕೊಟ್ಟರು. ಆನೆಕಾಲು ರೋಗಕ್ಕೆ ಹೆಟ್ರಜಾನ್ ಬಂತು. ಅದೇ ಔಷಧವನ್ನು ಮುಂದೆ ನಾಯಿಗಳ ಹೃದಯದ ಹುಳು ತಡೆಯಲೂ ಬಳಸಿದರು.

ಆರಿಯೋಮೈಸಿನ್ ಕಥೆ ಮಣ್ಣಿನದು. ನಿವೃತ್ತಿಯ ವಯಸ್ಸು ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಅವರನ್ನು ಲೆಡರ್ಲೆ ಕೆಲಸಕ್ಕೆ ತೆಗೆದುಕೊಂಡಿತ್ತು. ಹಲವು ಕಡೆಯ ಮಣ್ಣು ತರಿಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುವುದೇ ಅವರ ಕೆಲಸ. 1945ರಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯದ ಹೊಲವೊಂದರ ಮಣ್ಣಿನಲ್ಲಿ ಚಿನ್ನದ ಬಣ್ಣದ ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ಬಂದ ಔಷಧ ಪೆನಿಸಿಲಿನ್‌ಗೆ ಬಗ್ಗದ ರೋಗಾಣುಗಳನ್ನೂ, ಜೀವಕೋಶದೊಳಗೆ ಅವಿತವನ್ನೂ ಹಿಡಿಯಿತು. 1948ರಲ್ಲಿ ಅದು ಲೋಕಕ್ಕೆ ತಿಳಿದದ್ದು ಡಗ್ಗರ್ ಹೆಸರಿನ ಲೇಖನದಿಂದ. ಸುಬ್ಬರಾವ್ ಮುಂದೆ ಬಂದು ನಿಲ್ಲಲಿಲ್ಲ.

ಅದೇ ಪ್ರಯೋಗಾಲಯದಿಂದ ಇನ್ನೊಂದು ಸುದ್ದಿಯೂ ಬಂತು. ಆರಿಯೋಮೈಸಿನ್ ತಯಾರಿಸಿ ಉಳಿದದ್ದನ್ನು ತಿಂದ ಕೋಳಿಮರಿಗಳು ಬೇಗ ತೂಕ ಬಂದವು. ಆಮೇಲೆ ರೋಗವಿಲ್ಲದ ಪ್ರಾಣಿಗಳಿಗೂ ಮೇವಿನ ಜೊತೆ ಆ್ಯಂಟಿಬಯೋಟಿಕ್ ಬೆರೆಸುವ ರೂಢಿ ಶುರುವಾಯಿತು. ಮದ್ದಿಗೆ ಬಗ್ಗದ ರೋಗಾಣುಗಳು ಬೆಳೆಯಲು ಅದೂ ಒಂದು ಕಾರಣ. ಉಣ್ಣೆಜ್ವರದ ನಾಯಿಗೆ ಸಾಮಾನ್ಯವಾಗಿ 28 ದಿನ ಮಾತ್ರೆ ಕೊಡಬೇಕು. ಮೂರನೇ ದಿನ ನಾಯಿ ಎದ್ದು ಅನ್ನ ತಿಂದರೆ ನಮ್ಮ ಕಡೆ ಹಲವರು ಅಲ್ಲಿಗೇ ನಿಲ್ಲಿಸುತ್ತಾರೆ. ಅಡಗಿದ ರೋಗಾಣು ತಿಂಗಳುಗಳ ನಂತರ ಎದ್ದು, ಮೂಳೆಯ ಮಜ್ಜೆಯನ್ನೇ ಹಾಳುಮಾಡಬಹುದು. ಮುಂದಿನ ಸಲಕ್ಕೆಂದು ಅರ್ಧ ಪಟ್ಟಿ ಮಾತ್ರೆ ಎತ್ತಿಡುವುದೂ ಇದೆ.

1948ರ ಆಗಸ್ಟ್‌ನಲ್ಲಿ, ಪರ್ಲ್ ರಿವರ್‌ನ ಮನೆಯಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 53. ನೊಬೆಲ್ ಸಿಗಲಿಲ್ಲ. ಕಾಲು ಶತಮಾನ ದುಡಿದ ಅಮೆರಿಕದ ಪ್ರಜೆಯೂ ಆಗಿರಲಿಲ್ಲ. ಭಾರತ ಸರ್ಕಾರ ಅವರ ಅಂಚೆಚೀಟಿ ತಂದದ್ದು 1995ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ.