ಹಿಮದ ಮೇಲೆ ನಡೆಯುವ ಶಾಲೆ ತೆರೆದ ತಿಮ್ಮಯ್ಯ

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಜನರಲ್ ಕೆ.ಎಸ್. ತಿಮ್ಮಯ್ಯನವರ ಜೀವನ ಬರೆದಿದ್ದೇನೆ. ಅವರು ದೊಡ್ಡ ದಂಡನಾಯಕರು ಅಂತ ಎಲ್ಲರೂ ಕೇಳಿರುತ್ತೀರಿ. ಆದರೆ ನಮ್ಮ ಸೈನಿಕರಿಗೆ ಹಿಮದ ಮೇಲೆ ಜಾರಿ ನಡೆಯೋದನ್ನು ಕಲಿಸುವ ಶಾಲೆ ತೆರೆದವರೂ ಅವರೇ. ನನಗೆ ಅದೇ ಬಹಳ ಹಿಡಿಸಿತು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದರು. ಮನೆಯವರದು ಕಾಫಿ ತೋಟ. ಕೂನೂರು, ಬೆಂಗಳೂರಿನಲ್ಲಿ ಓದಿ, ಡೆಹರಾಡೂನಿನ ಸೈನಿಕ ಶಾಲೆ ಸೇರಿ, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನೆಯ ಅಧಿಕಾರಿ ಆದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಕಾಡಿನಲ್ಲಿ ಕಾದಿದರು. ಅಲ್ಲಿ ಅವರು ನಡೆಸಿದ ಪಲ್ಟನ್ ಹೈದರಾಬಾದ್ ರೆಜಿಮೆಂಟಿನದು. ಆಗ ನಮ್ಮ ರಾಯಚೂರೂ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು ನೋಡ್ರಿ.

ಇನ್ನು 1948ಕ್ಕೆ ಬರೋಣ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು. ತಿಮ್ಮಯ್ಯನವರು ಅಲ್ಲಿ 19ನೇ ಡಿವಿಜನ್ನಿನ ಮುಖ್ಯಸ್ಥರಾಗಿದ್ದರು. ಲಡಾಖಿಗೆ ಹೋಗುವ ದಾರಿಯಲ್ಲಿ ಜೋಜಿ ಲಾ ಅಂತ ಒಂದು ಕಣಿವೆ ದಾರಿ ಐತಿ. ಎತ್ತರ ಸುಮಾರು 11,500 ಅಡಿ. ನಮ್ಮ ರಾಯಚೂರು 1,300 ಅಡಿ ಅಷ್ಟೇ, ಲೆಕ್ಕ ಹಾಕಿರಿ! ಅದು ವೈರಿಗಳ ಕೈಯಲ್ಲಿತ್ತು. ಸೆಪ್ಟೆಂಬರಿನಲ್ಲಿ ನಮ್ಮವರು ಮಾಡಿದ ದಾಳಿ ಸಫಲ ಆಗಲಿಲ್ಲ. ಚಳಿಗಾಲ ಬಂದು ದಾರಿ ಪೂರಾ ಮುಚ್ಚಿಬಿಟ್ಟರೆ ಲೇಹ್‌ನಲ್ಲಿದ್ದ ಜನರ ಗತಿ ಏನು?

ತಿಮ್ಮಯ್ಯನವರು ಟ್ಯಾಂಕ್ ತರಿಸಿದರು. ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಯಾರೂ ನೆನಸಿರಲಿಲ್ಲ. ವೈರಿಗೆ ಸುಳಿವು ಸಿಗಬಾರದೆಂದು ಮೇಲಿನ ತೋಪಿನ ಭಾಗ ಬಿಚ್ಚಿ ಬೇರೆ ಸಾಗಿಸಿದರು. ಹೇಸರಗತ್ತೆಯ ದಾರಿಯನ್ನು ಮದ್ರಾಸ್ ಸ್ಯಾಪರ್ಸ್ ಜವಾನರು ಅಗಲ ಮಾಡಿದರು. ಇವರ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ಅಷ್ಟರಲ್ಲಿ ಹಿಮ ಬಿದ್ದು ದಾಳಿ ಮುಂದಕ್ಕೆ ಹೋಯಿತು. ಕೊನೆಗೆ ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹೊಕ್ಕವು. ತಿಮ್ಮಯ್ಯನವರು ಹಿಂದೆ ಕೂತು ಅಪ್ಪಣೆ ಕೊಡಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಇದ್ದರು. ಆ ತಿಂಗಳಲ್ಲೇ ದ್ರಾಸ್, ಕಾರ್ಗಿಲ್ ಕೈಗೆ ಬಂದವು.

ಗೆದ್ದರೂ ಚಳಿ ಬಿಡಲಿಲ್ಲ. ಬಯಲು ಸೀಮೆಯಿಂದ ಹೋದ ಹುಡುಗರ ಕೈಕಾಲಿನ ಬೆರಳು ಹಿಮಕ್ಕೆ ಮರಗಟ್ಟಿ ಕೆಟ್ಟವು. ಹೊಸದಾಗಿ ಬಿದ್ದ ಹಿಮ ಹಿಟ್ಟಿನ ಹಾಗೆ ಇರುತ್ತದಂತೆ. ನಮ್ಮ ಶಕ್ತಿನಗರದವರಿಗೆ ಇದನ್ನು ಹೇಳೋದು ಸುಲಭ. ಒಣ ಹಾರುಬೂದಿ ರಾಶಿಯಲ್ಲಿ ಕಾಲಿಟ್ಟರೆ ಹೂತು ಹೋಗುತ್ತದಲ್ಲ, ಹಾಗೆ. ಕೆಳಗಿನ ಕಲ್ಲು, ತಗ್ಗು ಒಂದೂ ಕಾಣೋದಿಲ್ಲ. ಇಳಿಜಾರಿನಲ್ಲಿ ಹೊಸ ಹಿಮ ಗಟ್ಟಿಯಾಗಿ ಕೂತಿರೋದಿಲ್ಲ, ಒಮ್ಮೆಲೇ ಜಾರಿ ಮನುಷ್ಯರನ್ನು ಮುಚ್ಚಿಬಿಡುತ್ತದೆ.

ಅದಕ್ಕೇ 1948ರ ಡಿಸೆಂಬರಿನಲ್ಲಿ ತಿಮ್ಮಯ್ಯನವರು ಗುಲ್ಮಾರ್ಗ್‌ನಲ್ಲಿ ತಮ್ಮ ಡಿವಿಜನ್ನಿನ ಸ್ಕೀ ಶಾಲೆ ಶುರು ಮಾಡಿದರು. ಸ್ಕೀ ಅಂದರೆ ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿ. ಮೈಭಾರ ಪಟ್ಟಿಯ ಉದ್ದಕ್ಕೂ ಹರಡುವುದರಿಂದ ಕಾಲು ಹೂಳೋದಿಲ್ಲ. ವಿಜ್ಞಾನದ ಒತ್ತಡದ ಪಾಠವೇ ಇದು! ಮೇಲೆ ಹತ್ತುವಾಗ ಹಿಂದಕ್ಕೆ ಜಾರಬಾರದು ಅಂತ ಅಡಿಗೆ ಕೂದಲಿನ ಪಟ್ಟಿ ಕಟ್ಟುತ್ತಾರೆ. ಕೂದಲು ಹಿಂದಕ್ಕೆ ಬಾಗಿರುತ್ತದೆ, ಮುಂದೆ ಸರಿಯುತ್ತದೆ, ಹಿಂದೆ ಹಿಡಿಯುತ್ತದೆ. ಹಿಮವನ್ನೇ ಕಾಣದ ಕೊಡಗಿನಲ್ಲಿ ಹುಟ್ಟಿದವರಿಗೆ ಈ ವಿಚಾರ ಬಂತಲ್ಲ ಅಂತ ನನಗೆ ಆಶ್ಚರ್ಯ. ಅದೇ ಶಾಲೆ 1962ರಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಈಗಲೂ ಅಲ್ಲಿ ನಮ್ಮ ಜವಾನರು ಕಲಿಯುತ್ತಾರೆ.

ಆಮೇಲೆ ಅವರು ಕೊರಿಯಾದಲ್ಲಿ ಯುದ್ಧ ಕೈದಿಗಳನ್ನು ಊರಿಗೆ ಕಳಿಸುವ ಆಯೋಗದ ಅಧ್ಯಕ್ಷರಾದರು. 1954ರಲ್ಲಿ ಪದ್ಮಭೂಷಣ ಬಂತು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ನಡುವೆ 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಸರಿಹೋಗದೆ ರಾಜೀನಾಮೆ ಕೊಟ್ಟು, ನೆಹರೂ ಹೇಳಿದ ಮೇಲೆ ವಾಪಸ್ ಪಡೆದರು. ನಿವೃತ್ತರಾದರೂ ಸುಮ್ಮನೆ ಕೂರಲಿಲ್ಲ. ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿ ಪಡೆ ನಡೆಸುತ್ತಿದ್ದಾಗ 1965ರ ಡಿಸೆಂಬರ್ 18ರಂದು ತೀರಿಕೊಂಡರು. ಆ ದೇಶದವರು ಅವರ ಅಂಚೆಚೀಟಿ ತಂದರು.

ಮಡಿಕೇರಿಯ ಅವರ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯ ಆಗಿದೆ. ಶಾಲಾ ಪ್ರವಾಸಕ್ಕೆ ಅಲ್ಲಿಗೆ ಹೋಗಬಹುದು, ಗುರುಗಳು ಮನಸ್ಸು ಮಾಡಬೇಕು.