ಜಾನ್ ಗ್ರಾಂಟ್

ಜಾನ್ ಗ್ರಾಂಟ್ (ಏಪ್ರಿಲ್ 24, 1620 – ಏಪ್ರಿಲ್ 18, 1674) ಲಂಡನ್ನಿನ ಬಟ್ಟೆ ವ್ಯಾಪಾರಿ ಹಾಗೂ ಜನಸಂಖ್ಯಾಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರು. ಮರಣ, ವಿವಾಹ, ವಲಸೆ ಮೊದಲಾದ ಘಟನೆಗಳು ಮನುಷ್ಯನ ಬಾಳಿನಲ್ಲಿ ಯಾವಾಗ ಸಂಭವಿಸುತ್ತವೆ ಎಂಬುದನ್ನು ಪರಿಶೀಲಿಸುವ ಸಂಖ್ಯಾಶಾಸ್ತ್ರೀಯ ವಿಧಾನಗಳ ಆರಂಭವನ್ನು ಇವರ 1662ರ ಕೃತಿಯಲ್ಲಿ ಕಾಣಬಹುದು.

ಜೀವನ

ಗ್ರಾಂಟ್ ಲಂಡನ್ನಿನಲ್ಲಿ ಬಟ್ಟೆ ವ್ಯಾಪಾರಿಯೊಬ್ಬರ ಮಗನಾಗಿ ಜನಿಸಿದರು. ವಿಶ್ವವಿದ್ಯಾಲಯದ ಶಿಕ್ಷಣ ಪಡೆಯದ ಅವರು ತಂದೆಯ ವೃತ್ತಿಯನ್ನೇ ಕೈಗೊಂಡು, ನಗರಾಡಳಿತದಲ್ಲಿ ಹಲವು ಸ್ಥಾನಗಳನ್ನು ವಹಿಸಿದರು. ವಿಲಿಯಂ ಪೆಟ್ಟಿ ಅವರ ಆಪ್ತ ಮಿತ್ರರಾಗಿದ್ದರು.

ಮರಣ ಪಟ್ಟಿಗಳ ಅಧ್ಯಯನ

ಪ್ಲೇಗ್ ರೋಗದ ಹರಡುವಿಕೆಯನ್ನು ತಿಳಿಯಲು ಲಂಡನ್ನಿನಲ್ಲಿ ಪ್ರತಿ ವಾರ ಮರಣ ಪಟ್ಟಿಗಳು ಪ್ರಕಟವಾಗುತ್ತಿದ್ದವು. ಅವುಗಳಲ್ಲಿ ಸಾವಿನ ಕಾರಣವಿರುತ್ತಿತ್ತೇ ಹೊರತು ಸತ್ತವರ ವಯಸ್ಸು ಇರುತ್ತಿರಲಿಲ್ಲ. ಶಿಶುಗಳನ್ನೇ ಬಾಧಿಸುವ ಕಾಯಿಲೆಗಳಿಂದಾದ ಸಾವುಗಳನ್ನು ಗ್ರಾಂಟ್ ಬೇರ್ಪಡಿಸಿದರು. ಸಿಡುಬು ಮೊದಲಾದ ರೋಗಗಳಿಂದಾದ ಸಾವುಗಳಲ್ಲಿ ಅರ್ಧದಷ್ಟನ್ನು ಅವಕ್ಕೆ ಸೇರಿಸಿದರು. ಹುಟ್ಟಿದ 100 ಮಕ್ಕಳಲ್ಲಿ 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಸಾಯುತ್ತಾರೆ ಎಂದು ಇದರಿಂದ ಅಂದಾಜು ಮಾಡಿದರು. ಉಳಿದ 64 ಜನರಲ್ಲಿ 16ನೆಯ ವಯಸ್ಸಿಗೆ 40, 26ಕ್ಕೆ 25, 36ಕ್ಕೆ 16, 76ಕ್ಕೆ ಒಬ್ಬರು ಮಾತ್ರ ಬದುಕಿರುತ್ತಾರೆ ಎಂಬ ಕೋಷ್ಟಕವನ್ನು ರಚಿಸಿದರು. ಆರು ವರ್ಷದ ನಂತರದ ಅಂಕಿಗಳು ದಾಖಲೆಗಳಿಂದ ಬಂದವಲ್ಲ, ಅವರ ಊಹೆ. ಆದರೂ ಒಂದೇ ತಂಡವನ್ನು ಹುಟ್ಟಿನಿಂದ ಹಿಂಬಾಲಿಸಿ, ಪ್ರತಿ ಹಂತದಲ್ಲಿ ಎಷ್ಟು ಜನ ಉಳಿದರು ಎಂದು ಎಣಿಸುವ ಕ್ರಮ ಹೊಸದಾಗಿತ್ತು. ಗಂಡು ಶಿಶುಗಳ ಜನನ ಹೆಣ್ಣು ಶಿಶುಗಳಿಗಿಂತ ತುಸು ಹೆಚ್ಚು ಎಂಬುದನ್ನೂ ಅವರು ಅಂಕಿಅಂಶಗಳಿಂದ ತೋರಿಸಿದರು.

ಈ ಕೃತಿಯಿಂದಾಗಿ ವ್ಯಾಪಾರಿಯಾಗಿದ್ದ ಗ್ರಾಂಟ್ ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯರಾದರು.

ಕೊನೆಯ ದಿನಗಳು

1666ರ ಮಹಾ ಅಗ್ನಿ ದುರಂತದಲ್ಲಿ ಅವರ ಮನೆ ಸುಟ್ಟುಹೋಯಿತು. ಕ್ಯಾಥೊಲಿಕ್ ಮತಕ್ಕೆ ಸೇರಿದ ಕಾರಣ ಸಾರ್ವಜನಿಕ ಸ್ಥಾನಗಳನ್ನೂ ಕಳೆದುಕೊಂಡರು. ಬೆಂಕಿ ಬೀಳುವ ಮುನ್ನ ನಗರದ ನೀರಿನ ಸರಬರಾಜನ್ನು ಅವರೇ ನಿಲ್ಲಿಸಿದರೆಂಬ ವದಂತಿಯೂ ಹಬ್ಬಿತ್ತು. ವಾಸ್ತವದಲ್ಲಿ ಅವರು ನೀರು ಸರಬರಾಜು ಕಂಪನಿಯ ಆಡಳಿತಕ್ಕೆ ಸೇರಿದ್ದು ಬೆಂಕಿಯ ನಂತರ. ಬಡತನದಲ್ಲಿ, ಕಾಮಾಲೆಯಿಂದ ಬಳಲಿ ನಿಧನರಾದರು. ಅವರ ಕೃತಿಯನ್ನು ಬರೆದವರು ಪೆಟ್ಟಿ ಎಂಬ ವಾದವೂ ನಂತರ ಹುಟ್ಟಿಕೊಂಡಿತು. ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ.

ಪ್ರಭಾವ

1693ರಲ್ಲಿ ಎಡ್ಮಂಡ್ ಹ್ಯಾಲಿ ಬ್ರೆಸ್ಲಾವ್ ನಗರದ ವಯಸ್ಸು ಸಹಿತ ದಾಖಲೆಗಳನ್ನು ಬಳಸಿ ಹೆಚ್ಚು ನಿಖರವಾದ ಜೀವಿತ ಕೋಷ್ಟಕವನ್ನು ರಚಿಸಿದರು. 1958ರ ಕಪ್ಲಾನ್–ಮೇಯರ್ ವಿಧಾನ ಮತ್ತು 1972ರ ಡೇವಿಡ್ ಕಾಕ್ಸ್ ಅವರ ಮಾದರಿ ಇದೇ ಪರಂಪರೆಗೆ ಸೇರಿವೆ. ಮದುವೆಯ ವಯಸ್ಸು, ಹೆರಿಗೆಗಳ ನಡುವಿನ ಅಂತರ, ಶಾಲೆ ಬಿಡುವ ಸಮಯ, ಗುಳೆ ಹೋಗುವ ಸಮಯ ಮುಂತಾದವುಗಳ ಅಧ್ಯಯನಕ್ಕೆ ಸಮಾಜ ವಿಜ್ಞಾನಿಗಳು ಇವನ್ನು ಬಳಸುತ್ತಾರೆ.

ಇಂತಹ ಲೆಕ್ಕಕ್ಕೆ ವಯಸ್ಸು ಮತ್ತು ದಿನಾಂಕಗಳ ದಾಖಲೆ ಅಗತ್ಯ. ಇಂದಿನ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಹಿಂದೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಜನನ ಮತ್ತು ಮರಣಗಳ ನೋಂದಣಿಗೆ ಭಾರತದಾದ್ಯಂತ ಏಕರೂಪದ ಕಾನೂನು 1969ರಲ್ಲಿ ಬಂದಿತು.