ಕೋವಿ ಬಿಟ್ಟು ಕ್ಯಾಮೆರಾ ಹಿಡಿದ ತೇಜಸ್ವಿ

ಈ ಸಲ ನಾನು ಬರೆಯುತ್ತಿರುವುದು ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಬಗ್ಗೆ. ಇವರು 1938ರ ಸೆಪ್ಟೆಂಬರ್ 8ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ತಂದೆ ರಾಷ್ಟ್ರಕವಿ ಕುವೆಂಪು.

ಸಣ್ಣವರಿದ್ದಾಗಿನಿಂದ ಕಾಡು ಸುತ್ತುವುದು, ಮೀನು ಹಿಡಿಯುವುದು, ಬೇಟೆ ಆಡುವುದು ಅಂದರೆ ಇವರಿಗೆ ಬಲು ಇಷ್ಟ. ಮೈಸೂರಿನಲ್ಲಿ ಎಂ.ಎ. ಮುಗಿಸಿದರು. ಆದರೆ ನೌಕರಿ ಬ್ಯಾಡ ಅಂತ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದರು. ಮುಂದೆ ಕೋವಿ ಹಿಡಿದ ಕೈಗೆ ಕ್ಯಾಮೆರಾ ಬಂತು. ಒಂದು ಹಕ್ಕಿಯ ಫೋಟೋಕ್ಕಾಗಿ ತಾಸುಗಟ್ಟಲೆ ಅಲುಗಾಡದೆ ಕೂಡುತ್ತಿದ್ದರು. ಗುಂಡು ಹೊಡೆದರ ಹಕ್ಕಿ ಒಂದೇ ಸಲ ಸಿಗತೈತಿ. ಫೋಟೋ ತೆಗೆದರ ನಾಳೆ ಮತ್ತ ನೋಡಾಕ ಸಿಗತೈತಿ!

ಕಂಡದ್ದನ್ನು ಬರೆದೂ ಇಟ್ಟರು. 'ಕರ್ವಾಲೋ' ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕುವ ಕಥೆ ಇದೆ. 'ಪರಿಸರದ ಕತೆ'ಯಲ್ಲಿ ಕಿವಿ ಎಂಬ ನಾಯಿ ಬರುತ್ತದೆ. 'ಹಕ್ಕಿಪುಕ್ಕ' ಹಕ್ಕಿಗಳನ್ನು ಗುರುತಿಸಲು ಕಲಿಸುತ್ತದೆ. 2007ರ ಏಪ್ರಿಲ್ 5ರಂದು ತೇಜಸ್ವಿ ತೀರಿಕೊಂಡರು.

ಹಕ್ಕಿ ನೋಡಾಕ ಮಲೆನಾಡೇ ಬೇಕಂತಿಲ್ಲ. ನಮ್ಮ ಸವದತ್ತಿಯ ನವಿಲುತೀರ್ಥದ ಹಿನ್ನೀರು ಐತಿ, ಬೈಲಹೊಂಗಲದ ಕರಿ ಹೊಲ ಅದಾವು. ಜೋಳದ ತೆನೆ ತಿನ್ನೋ ಹಕ್ಕಿ ಓಡಿಸಾಕ ಕವಣಿ ಬೀಸಲೇಬೇಕು, ಖರೆ. ಆದರ ಬೇಲಿ ಮ್ಯಾಲೆ ಸುಮ್ಮನೆ ಕುಂತ ಹಕ್ಕಿಗೆ ಯಾಕ ಕಲ್ಲು? ನಮ್ಮ ಹತ್ತಿರ ಕ್ಯಾಮೆರಾ ಇಲ್ಲದಿದ್ದರೂ ಹಳೇ ನೋಟಬುಕ್ಕಿನ ಉಳಿದ ಹಾಳಿ ಅದಾವು. ಯಾವ ದಿನ, ಎಲ್ಲಿ, ಎಂಥಾ ಹಕ್ಕಿ, ಏನು ತಿನ್ನಾಕತ್ತಿತ್ತು ಅಂತ ಬರೀರಿ. ಹೆಸರು ಗೊತ್ತಾಗದಿದ್ದರೆ ಗುರುಗಳನ್ನು ಕೇಳೋಣ. ಮುಂದಿನ ತಿಂಗಳು ಅದನ್ನೇ ಈ ಗೋಡೆ ಮ್ಯಾಲೆ ಹಚ್ಚೋಣ.